ಹಳೇ ಲ್ಯಾಪ್‌ಟಾಪಿನೊಳಗೆ ಅವ್ವನ ಪದ

ನಂದಗುಡಿ ಹತ್ತಿರದ ಹಳ್ಳಿಯೊಂದರಲ್ಲಿ ಆದಿನಾರಾಯಣಪ್ಪ ಎಂಬ ರೈತರಿದ್ದಾರೆ. ರಾಗಿ, ಟೊಮೆಟೊ, ಎರಡು ಸೀಮೆಹಸು. ಮನುಷ್ಯ ಬಲು ಹುಷಾರು. ಒಮ್ಮೆ ಹಾಲಿನ ಡೇರಿ ಮುಂದೆ ಬ್ಯಾಂಕಿನವರು ಬಂದು, "ಗುರುತಿಲ್ಲದ ಮೆಸೇಜ್ ಬಂದರೆ ಏನನ್ನೂ ಒತ್ತಬೇಡಿ" ಎಂದು ಹೇಳಿ ಹೋದರು. ಅಂದಿನಿಂದ ಏನೇ ಸೂಚನೆ ಬಂದರೂ ಅವರು ಒತ್ತಿಲ್ಲ.

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದಿದೆ. ಮಗಳು ಅರ್ಪಿತಾಳಿಗೆ ಕಾಲೇಜಿನ ಕಾಲದಲ್ಲಿ ಕೊಡಿಸಿದ್ದು. ಅವಳು ಬೂದಿಗೆರೆಗೆ ಸೊಸೆಯಾಗಿ ಹೋಗುವಾಗ ಅದನ್ನು ಇಲ್ಲೇ ಬಿಟ್ಟು ಹೋದಳು. ಆದಿನಾರಾಯಣಪ್ಪ ಅದರಲ್ಲಿ ಪಹಣಿ ನೋಡುತ್ತಾರೆ, ಟೊಮೆಟೊ ರೇಟು ನೋಡುತ್ತಾರೆ. ಸಂಜೆಯಾದರೆ ಅವರ ತಾಯಿ ಮುನಿತಾಯಮ್ಮ ಅದರ ಮುಂದೆ ಬಂದು ಕೂರುತ್ತಾರೆ. ಸುತ್ತಮುತ್ತಲ ಊರುಗಳ ಮದುವೆ ಚಪ್ಪರದಲ್ಲಿ ಸೋಬಾನೆ ಹಾಡಿದ ಅಜ್ಜಿ ಅವರು. ಈಗ ಗಂಟಲು ಒಡೆದಿದೆ, ನೆನಪೂ ಅಷ್ಟಕ್ಕಷ್ಟೆ. ಮೊಮ್ಮಗಳು ಹಿಂದೆ ರೆಕಾರ್ಡ್ ಮಾಡಿದ ಪದಗಳಷ್ಟೇ ಉಳಿದಿವೆ, ಅವೂ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಒಂದು ಸಂಜೆ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಪದ ಅರ್ಧಕ್ಕೇ ನಿಂತಿತು. ಹೆಂಡತಿ ಅಕ್ಕಯಮ್ಮ ಪಕ್ಕದ ಮನೆಯ ಸೊಸೆ ಅಕ್ಷತಳನ್ನು ಕೂಗಿದರು. ಪಂಚಾಯಿತಿ ಗ್ರಂಥಾಲಯವನ್ನೂ ಅಲ್ಲಿನ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುವವಳು ಅವಳೇ. ಅವಳು ಅದನ್ನು ಆಫ್ ಮಾಡಿ ಆನ್ ಮಾಡಿ ನೋಡುವಾಗಲೇ, ವಿಂಡೋಸ್‌ಗೆ ಇನ್ನು ರಕ್ಷಣೆ ಇಲ್ಲವೆಂದು ಪರದೆಯ ಮೇಲೆ ಒಂದು ಸೂಚನೆ ಬಂತು.

"ಮಾವ, ಇದು ಯಾವಾಗಿಂದ ಬರ್ತಿದೆ?"

"ಬರ್ತಾನೇ ಇರುತ್ತೆ ಕಣಮ್ಮ. ನಾನು ಮುಚ್ತಾನೇ ಇರ್ತೀನಿ. ಒತ್ತಬೇಡಿ ಅಂದವ್ರಲ್ಲ."

"ಅವತ್ತಿಂದ ನೆಂಟರ ಮನೆ ಬೆಲ್ಲನ್ನೂ ಒತ್ತಲ್ಲ ನಿಮ್ಮ ಮಾವ, ಬಾಗಿಲೇ ಬಡೀತಾರೆ" ಎಂದರು ಅಕ್ಕಯಮ್ಮ.

ಅಕ್ಷತ ನಗುತ್ತಲೇ ಸೆಟ್ಟಿಂಗ್ಸ್ ತೆರೆದು ನೋಡಿದಳು. "ಬ್ಯಾಂಕಿನವ್ರು ಹೇಳಿದ್ದು ಸರೀನೇ ಮಾವ. ಯಾರೋ ಕಳ್ಸಿದ ಲಿಂಕ್ ಒತ್ತಬಾರ್ದು. ಪರದೆ ಮೇಲೆ ಫೋನ್ ನಂಬರ್ ಬಂದ್ರೆ ಅದಕ್ಕೆ ಫೋನೂ ಮಾಡ್ಬಾರ್ದು. ಆದ್ರೆ ಇದು ನಿಜವಾದ ಸೂಚನೆ, ಸೆಟ್ಟಿಂಗ್ಸ್ ಒಳಗೇ ಹೋಗಿ ನೋಡ್ದೆ. ಇದನ್ನ ನಡೆಸೋ ವಿಂಡೋಸ್ ಹಳೇದಾಗಿದೆ. ಕಂಪನಿಯಿಂದ ಬರ್ತಿದ್ದ ರಕ್ಷಣೆ ನಿಂತೋಗಿದೆ. ಹಿಂಗೇ ಇಂಟರ್ನೆಟ್‌ಗೆ ಹಾಕಿದ್ರೆ ಬೇಲಿ ಕಿತ್ತೋದ ತೋಟದಂಗೆ. ಹಳೇದನ್ನ ತೆಗೆದು ಹೊಸದು ಹಾಕ್ಬೇಕು."

"ಹೆಂಗೋ ಓಡ್ತಾ ಇದೆಯಲ್ಲಮ್ಮ. ಓಡೋ ಗಾಡಿ ಯಾಕೆ ಬಿಚ್ಚಬೇಕು?"

"ಜಡಿಗೇನಹಳ್ಳಿ ಕಡೆ ಸ್ಟುಡಿಯೊ ಇಟ್ಟಿರೋ ವೇಣುಗೋಪಾಲಣ್ಣನೂ ಹಂಗೇ ಅಂತಿದ್ರು. ವೈರಸ್ ಬಂದು ಫೋಟೊ ಎಲ್ಲಾ ಲಾಕ್ ಆಗೋಯ್ತು. ಎಷ್ಟೋ ಜನರ ಮದುವೆ ಫೋಟೊ ವಾಪಸ್ ಸಿಗ್ಲೇ ಇಲ್ಲ."

ಆದಿನಾರಾಯಣಪ್ಪ ಅವ್ವನ ಕಡೆ ತಿರುಗಿ ನೋಡಿದರು. ಅವರ ಹೆದರಿಕೆಯೇ ಬೇರೆ. ಲ್ಯಾಪ್‌ಟಾಪ್ ಕೆಟ್ಟರೆ ಕೆಡಲಿ. ಅವ್ವನ ದನಿ ಹೋದರೆ ಯಾವ ಅಂಗಡಿಯಲ್ಲಿ ತರುವುದು?

"ಹೊಸದು ಹಾಕುವಾಗ ಅವ್ವನ ಪದ ಅಳಿಸೋದ್ರೆ?" ಎಂದು ಮೆಲ್ಲಗೆ ಕೇಳಿದರು.

"ಅಳಿಸೋಗಬೋದು ಮಾವ, ಸುಳ್ಳು ಹೇಳಲ್ಲ. ಅದಕ್ಕೇ ಮೊದಲು ಕಾಪಿ ಮಾಡ್ಕೊಳ್ಳೋದು. ನೀವು ಬಿತ್ತನೆ ರಾಗಿ ಎಲ್ಲಿಡ್ತೀರ?"

"ಒಂದು ಮೂಟೆ ನಮ್ಮನೇಲಿ, ಒಂದು ಅಣ್ಣನ ಮನೇಲಿ. ಅಪ್ಪನ ಕಾಲದಿಂದ ಹಂಗೇ. ಇಲ್ಲಿ ಹುಳ ಬಿದ್ರೂ ಅಲ್ಲಿರುತ್ತೆ..." ಎನ್ನುತ್ತಾ ಲ್ಯಾಪ್‌ಟಾಪಿನ ಕಡೆ ತಿರುಗಿದರು. ರಾಗಿಗೆ ಎರಡು ಮನೆ ನೋಡಿದವರು ಅವ್ವನ ದನಿಗೆ ಒಂದೇ ಮನೆ ನೋಡಿದ್ದರು. "ನಾಳೇನೇ ಮಾಡ್ಬಿಡಮ್ಮ" ಎಂದರು.

ಮರುದಿನ ಅವ್ವನನ್ನೂ ಕರೆದುಕೊಂಡು ಎಲ್ಲರೂ ಗ್ರಂಥಾಲಯಕ್ಕೆ ಹೋದರು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಜೀವವಿರಲಿಲ್ಲ, ನಡುವೆ ಕರೆಂಟ್ ಹೋದರೆ ಕೆಲಸ ಕೆಡುತ್ತದೆ. ಗ್ರಂಥಾಲಯದಲ್ಲಿ ಯುಪಿಎಸ್ ಇತ್ತು. ಅಕ್ಷತ ಪದಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಒಂದೊಂದನ್ನೂ ತೆರೆದು ನೋಡಿದಳು. ಒಂದು ಮನೆಗೆ, ಇನ್ನೊಂದು ಬೂದಿಗೆರೆಯ ಮಗಳಿಗೆ.

"ಈ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಒಗ್ಗಲ್ಲ ಮಾವ, ವಯಸ್ಸಾಗಿದೆ. ಹಂಗಂತ ಗುಜರಿಗೆ ಹಾಕ್ಬೇಕಿಲ್ಲ. ವಿಂಡೋಸ್ ಜಾಗಕ್ಕೆ ಲಿನಕ್ಸ್ ಅಂತ ಇದೆ, ಪುಕ್ಕಟೆ. ಅದ್ರಲ್ಲಿ ಹಗುರವಾದ್ದು ಒಂದನ್ನ ಹಾಕ್ತೀನಿ. ಪಹಣಿ ನೋಡೋಕೆ, ಪದ ಕೇಳೋಕೆ ಸಾಕು. ಯಾರೋ ಕೊಡೋ ವಿಂಡೋಸ್ ಕಳ್ಳ ಕಾಪಿ ಮಾತ್ರ ಹಾಕಿಸ್ಬೇಡಿ."

ಲಿನಕ್ಸನ್ನು ಹಾಕುವ ಮೊದಲು ಬೇರೊಂದು ಪೆನ್‌ಡ್ರೈವಿನಿಂದ ಒಮ್ಮೆ ನಡೆಸಿ ನೋಡಿದಳು. ಸದ್ದು ಬಂತು, ಇಂಟರ್ನೆಟ್ ಬಂತು. ಆಮೇಲೆ ಕೆಲಸ ಶುರು ಮಾಡಿದಳು. ಕೊನೆಗೆ ಪರದೆ ಕಪ್ಪಾಯಿತು.

"ಹೋಯ್ತಾ?" ಎಂದರು ಆದಿನಾರಾಯಣಪ್ಪ.

"ಇಲ್ಲ ಮಾವ, ಆಫ್ ಆಗಿ ಆನ್ ಆಗ್ತಿದೆ."

"ಹೋಯ್ತೇನೋ ನೋಡಮ್ಮ."

"ಹಸು ಕರು ಹಾಕುವಾಗ್ಲೂ ಇವ್ರು ಹಿಂಗೇ" ಎಂದು ಅಕ್ಕಯಮ್ಮ ಗಂಡನ ಕೈ ಹಿಡಿದು ಕೂರಿಸಿದರು.

ಪರದೆ ಬೆಳಗಿತು. ಅಕ್ಷತ ಕಾಪಿ ಮಾಡಿದ್ದ ಪದಗಳನ್ನು ಮತ್ತೆ ಒಳಗೆ ಹಾಕಿ ಒಂದನ್ನು ಒತ್ತಿದಳು. ಅರಿಶಿನ ಕುಟ್ಟುವ ಪದ, ಹಿಂದಿನ ತುಂಬು ದನಿಯಲ್ಲೇ ಗ್ರಂಥಾಲಯವನ್ನು ತುಂಬಿತು. ಆದಿನಾರಾಯಣಪ್ಪ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡರು.

ಮುನಿತಾಯಮ್ಮ ಕೊನೆಯವರೆಗೂ ಕೇಳಿ ತಲೆಯಾಡಿಸಿದರು. "ಪದದಲ್ಲಿ ಒಂದು ಸೊಲ್ಲು ಬಿಟ್ಬಿಟ್ಟಿದೀನಿ ಕಣೋ. ಸೋದರಮಾವನ್ನ ಕರಿಯೋ ಸೊಲ್ಲು. ಈಗ ನೆನಪಾಯ್ತು."

ಅಕ್ಷತ ಬೇಗನೆ ರೆಕಾರ್ಡಿಗೆ ಅಣಿ ಮಾಡಿ, "ಮಾವ, ನೀವೇ ಒತ್ತಿ" ಎಂದಳು. ಆದಿನಾರಾಯಣಪ್ಪ ಬೆರಳು ಚಾಚಿ ಒತ್ತಿದರು. ಅವ್ವ ಒಡೆದ ಗಂಟಲಲ್ಲೇ ಹಾಡಿದರು. ಆ ಸೊಲ್ಲೂ ಅಂದೇ ಎರಡೂ ಪೆನ್‌ಡ್ರೈವ್ ಸೇರಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಯಾರ ದನಿ ಇದೆ, ಯಾರ ಮುಖ ಇದೆ? ಇವತ್ತೇ ತೆರೆದು ನೋಡಿ. ಮೊದಲು ಎರಡು ಕಡೆ ಕಾಪಿ ಇಡಿ, ಅವು ತೆರೆಯುತ್ತವೆಯೇ ನೋಡಿ. ಆಮೇಲೆ ಗೊತ್ತಿದ್ದವರ ಹತ್ತಿರ ಕೂತು, ನಡುವೆ ಕರೆಂಟ್ ಹೋಗದಂತೆ ನೋಡಿಕೊಂಡು, ಅದಕ್ಕೆ ಒಗ್ಗುವ ಹೊಸ ವ್ಯವಸ್ಥೆ ಹಾಕಿಸಿ. ಬಿತ್ತನೆ ರಾಗಿಯನ್ನು ಜೋಪಾನ ಮಾಡಲು ಬಲ್ಲ ನಿಮಗೆ ಇದೇನೂ ಕಷ್ಟವಲ್ಲ.