ಉಳಿದ ಒಂದು ಸೋಲು

ಕಾಲೇಜಿನ ಫುಟ್‌ಬಾಲ್ ದಾಖಲೆಯ ಬೋರ್ಡಿನಿಂದ, ಬ್ಲೇಡಿನ ತುದಿಗೆ ಒಂದರ ಅಂಕಿ ಎದ್ದುಬರುತ್ತಿದೆ, ಒಣಗಿದ ಕೆಂಪು ಸ್ಟಿಕ್ಕರ್, ಉಗುರು ಕಿತ್ತಂಥ ಸದ್ದು, ಹನ್ನೊಂದರ ಮೊದಲ ಒಂದು — ಹನ್ನೊಂದು ಗೆಲುವು, ಒಂದು ಸೋಲು, ನಾನು ಆಡಿದ ವರ್ಷ, ಕೋಚ್ ಹಾಲ್ವರ್ಸನ್ನರ ಇಪ್ಪತ್ತೆರಡು ವರ್ಷಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಈಗ ಹನ್ನೊಂದೂ ರದ್ದು, ಸೊನ್ನೆ ಅಂಟಿಸಬೇಕು, ಕೆಳಗೆ ಒಟ್ಟು ನೂರ ನಲವತ್ತಮೂರಿದ್ದದ್ದು ನೂರ ಮೂವತ್ತೆರಡಾಗಬೇಕು, ಸೋಲಿನ ಸಾಲು ಮಾತ್ರ ಮುಟ್ಟುವಂತಿಲ್ಲ, ಗೆಲುವನ್ನಷ್ಟೇ ಕಿತ್ತುಕೊಳ್ಳುತ್ತಾರೆ ಈ ಕಾಲೇಜಿನ ಕಳ್ಳರು. ಹೋಗೋ ಡೆಲ್, ನೀನು ಗೆದ್ದಿದ್ದನ್ನ ನೀನೇ ಕೆರ್ಕೊಂಡು ಬಾ, ಎಂದು ನಕ್ಕ ನಾನೀಗ ಕೆಲಸಕ್ಕಿರುವ ಬೋರ್ಡಿನಂಗಡಿಯ ಯಜಮಾನ, ನಾಯಿ. ಕೆಳಗೆ ಏಣಿ ಹಿಡಿದಿರುವವರು ಕೋಚ್. ಅವರ ಕೆಲಸ ಹೋಯಿತು, ಸಾಮಾನು ಒಯ್ಯಲು ಬಂದವರು ಪೆಟ್ಟಿಗೆ ನೆಲಕ್ಕಿಟ್ಟರು, ಅಲ್ಲಾಡ್ತಿದೆ ಕಣೋ ಇದು, ನಾನ್ ಹಿಡ್ಕೋತೀನಿ, ನೀನ್ ಕೆಲಸ ನೋಡು. ಎರಡು ದೊಡ್ಡ ಕೈ, ಗೆಣ್ಣು ಬೆಳ್ಳಗೆ. ಬೈಯಬಾರದೆ ಈ ಮನುಷ್ಯ, ಏಣಿ ಒದ್ದು ಬೀಳಿಸಬಾರದೆ — ಅವರಿಗೆ ಗೊತ್ತಿಲ್ಲ, ದೂರು ಕೊಟ್ಟವನ ಹೆಸರನ್ನು ಕಾಲೇಜು ಹೇಳಿಲ್ಲ.

ಆ ವರ್ಷ, ಮಿಸೆಸ್ ಹಾಲ್ವರ್ಸನ್ ತಮ್ಮ ಅಡುಗೆಮನೆಯ ಮೇಜಿಗೆ ಕೂತು ನನ್ನ ಇತಿಹಾಸದ ಪ್ರಬಂಧ ಬರೆಯುತ್ತಿದ್ದಾರೆ, ನಾನು ಆಲೂಗಡ್ಡೆ ತಿನ್ನುತ್ತಿದ್ದೇನೆ, ಅಕ್ಷರಗಳು ನನ್ನ ಕಣ್ಣಿಗೆ ಯಾವತ್ತೂ ಸಾಲಾಗಿ ನಿಂತವಲ್ಲ, ಅದನ್ನು ಮೊದಲು ಕಂಡುಕೊಂಡವರೇ ಅವರು, ಇದೊಂದ್ಸಲ ಬರ್ಕೊಡ್ತೀನಿ ಮಗು, ಆಟ ಮುಗೀಲಿ, ಕೂತು ಕಲಿಯೋಣ, ಇನ್ನೊಂದ್ ಹಾಕ್ಲಾ. ಕೋಚ್ ಬಾಗಿಲಲ್ಲಿ ನಿಂತು ನೋಡಿದರು, ಬಾಗಿಲು ಎಳೆದುಕೊಂಡು ಹೋದರು. ಆಮೇಲೆ ನವೆಂಬರ್, ಕೊನೆಯ ಆಟ, ಕೊನೆಯ ನಿಮಿಷ, ಗೋಲಿನ ಗೆರೆಗೆ ಎರಡು ಹೆಜ್ಜೆ, ಎದೆಗವಚಿ ಓಡುತ್ತಿದ್ದ ಚೆಂಡು ಸೋಪಿನಂತೆ ಜಾರಿತು, ಸೋತೆವು. ಅಯೋವಾದ ಹೊಲಗಳ ನಡುವೆ ನಾಲ್ಕು ಗಂಟೆ ಬಸ್ಸು, ಯಾರೂ ನನ್ನ ಪಕ್ಕ ಕೂರಲಿಲ್ಲ, ಕೋಚ್ ಮುಂದಿನ ಸೀಟಿನಲ್ಲಿ, ಆ ಬೋಳು ಹಿಂದಲೆ ಒಂದು ಸಲವೂ ತಿರುಗಲಿಲ್ಲ, ಒಂದು ಸಲ, ಒಂದು ಮಾತು, ದರಿದ್ರದವನೇ ಅಂದಿದ್ದರೂ ಸಾಕಿತ್ತು. ಸೋಮವಾರ ಬೆಳಿಗ್ಗೆ ಡೀನ್ ಕೋಣೆಗೆ ಹೋಗಿ ಹೇಳಿದೆ, ನನ್ ಪ್ರಬಂಧ ಬರ್ದಿದ್ದು ಕೋಚ್ ಹೆಂಡ್ತಿ, ಅವರೂ ನೋಡಿದಾರೆ, ಬರ್ಕೊಳ್ಳಿ. ಬೇರೆಯವರು ಬರೆದ ಪ್ರಬಂಧದಲ್ಲಿ ಪಾಸಾದವನು ಆಡಿದ ಆಟದ ಗೆಲುವು ಲೆಕ್ಕಕ್ಕಿಲ್ಲ. ಕಾಲೇಜಿನವರು ನನ್ನನ್ನು ತೆಗೆಯುವ ಮೊದಲೇ ನಾನೇ ಬಿಟ್ಟೆ, ಗೇಟು ಒದ್ದು ಬಂದೆ, ಗೆದ್ದೆ ಅನ್ನಿಸಿತ್ತು.

ಎರಡನೆಯ ಒಂದು ಬಂತು, ಸೊನ್ನೆ ಅಂಟಿತು, ಪಕ್ಕದಲ್ಲಿ ಸೋಲಿನ ಒಂದು ಹಾಗೇ ಇದೆ, ಇಡೀ ಬೋರ್ಡಿನಲ್ಲಿ ನನ್ನದೆನ್ನಲು ಅದೊಂದೇ. ಡೆಲ್, ಎನ್ನುತ್ತಾರೆ ಕೆಳಗಿನಿಂದ, ಅವತ್ತು ಬಸ್ಸಲ್ಲಿ ನಿನ್ ಹತ್ರ ಬರ್ಬೇಕಿತ್ತು ಕಣೋ. ಅಳ್ತಿದ್ದೆ. ನಿಂಗೆ ಕಾಣ್ಬಾರ್ದು ಅಂತ ತಿರುಗ್ಲಿಲ್ಲ. ಹೇಳು, ಈಗ ಹೇಳು, ಕೋಚ್, ದೂರು ಕೊಟ್ಟಿದ್ದು ನಾನೇ ಅನ್ನು, ಅಂಟಿದ ಸೊನ್ನೆಯನ್ನೇ ಹೆಬ್ಬೆರಳಿಂದ ಮತ್ತೆ ಮತ್ತೆ ಒತ್ತುತ್ತಿದ್ದೇನೆ, ಏಣಿ ಒಮ್ಮೆ ವಾಲುತ್ತದೆ, ಕೆಳಗಿನ ಹಿಡಿತ ಬಿಗಿಯಾಗುತ್ತದೆ, ಹೆದರ್ಬೇಡ, ಇದೀನಿ — ಎರಡು ಕೈ, ಬೆಳ್ಳಗಾದ ಗೆಣ್ಣು, ಬಿಡದ ಕೈ, ನಾನು ಯಾರ ಕೆಲಸ ಕಳೆದೆನೋ ಅವರದೇ ಕೈ.