ಕಡಲತೆರೆ ಲಾಡ್ಜಿನ ಬಿಳಿ ಡಬ್ಬಿ

ಈ ಮನುಷ್ಯ ನನ್ನ ಮುಂದೆ ಊದುಬತ್ತಿ ಹಚ್ಚುವುದು ಸರಿಯೇ? ಬೇಡ ಎನ್ನಲು ನನಗೆ ಬಾಯಿಯಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ನನ್ನೊಳಗೆ ಇದೆ ಎಂದು ಅವನು ನಂಬಿರುವುದು ನನ್ನೊಳಗೆ ಇಲ್ಲ. ಪ್ರತಿ ಅಮಾವಾಸ್ಯೆಗೆ ಹೊಗೆ ನನ್ನ ಮೈ ಸುತ್ತುತ್ತದೆ. ಪ್ರತಿ ಸಲವೂ ನಾನು ಇದನ್ನೇ ಯೋಚಿಸುತ್ತೇನೆ.

ನಾನು ಒಂದು ವೈಫೈ ಡಬ್ಬಿ. ಬಿಳಿ ಮೈ, ಎರಡು ಕಪ್ಪು ಕೊಂಬು, ಹೊಟ್ಟೆಯ ಮೇಲೆ ಐದು ಹಸಿರು ದೀಪ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಅಚ್ಚಿನಿಂದ ಹೊರಬಿದ್ದಾಗ ನನ್ನಂಥವರೇ ಸಾವಿರ ಮಂದಿ ಸಾಲಾಗಿ ಮಲಗಿದ್ದರು. ಥರ್ಮಾಕೋಲಿನ ಕತ್ತಲೆಯಲ್ಲಿ ಎಷ್ಟು ದಿನ ಕಳೆದೆನೋ ಲೆಕ್ಕವಿಲ್ಲ. ಕಣ್ಣು ಬಿಟ್ಟದ್ದು ಮಂಗಳೂರಿನಲ್ಲಿ, ದೊಡ್ಡ ಆಸ್ಪತ್ರೆಯೊಂದರ ಎದುರಿಗಿದ್ದ ಕಡಲತೆರೆ ಲಾಡ್ಜಿನ ಗೋಡೆಯ ಮೇಲೆ.

ನನ್ನನ್ನು ಮೊಳೆಗೆ ತೂಗುಹಾಕಿದವನು ದೇಜಪ್ಪ. ಆ ಕೌಂಟರಿನ ಹಿಂದೆ ನಿಂತೇ ಅವನ ತಲೆ ನೆರೆತಿತ್ತು. ಪಾಸ್‌ವರ್ಡನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನನ್ನ ಕೆಳಗೆ ಅಂಟಿಸಿದ. ಯಾರು ಬೇಕಾದರೂ ನೋಡಿ ಒತ್ತಬಹುದಿತ್ತು. ನನ್ನ ಮೂಲಕ ಏನೇನು ಹಾದುಹೋಗುತ್ತಿತ್ತು! ಹೆಂಡತಿಯ ಸ್ಕ್ಯಾನ್ ವರದಿ ಕಳಿಸುವ ಗಂಡ, ವಿಡಿಯೋದಲ್ಲಿ ಅತ್ತೆಗೆ ಮೊಮ್ಮಗುವನ್ನು ತೋರಿಸುವ ಸೊಸೆ, ಊರಿನ ಹುಡುಗರಲ್ಲಿ ರಕ್ತ ಕೇಳುವ ಅಣ್ಣ. ನಾನು ಅವರಿಗೆ ಬಾಗಿಲಾಗಿದ್ದೆ. ಬಾಗಿಲಿಗೆ ಅದಕ್ಕಿಂತ ದೊಡ್ಡ ಸುಖ ಏನಿದೆ?

ಆ ಲಾಡ್ಜಿನಲ್ಲಿ ದೇಜಪ್ಪನದೊಂದು ಪದ್ಧತಿಯಿತ್ತು. ಖಾಲಿ ಮಾಡಿ ಹೊರಟವರಿಗೆ ಅವನು ಎಂದೂ 'ಮತ್ತೆ ಬನ್ನಿ' ಎನ್ನುತ್ತಿರಲಿಲ್ಲ. 'ಹುಷಾರಾಗಿ ಹೋಗಿ' ಎನ್ನುತ್ತಿದ್ದ, ಅಷ್ಟೇ. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಧನ್ಯವಾದಗಳು' ಮಾತ್ರ ಉಳಿದಿತ್ತು. ಪಕ್ಕದ ಎರಡು ಪದಗಳ ಮೇಲೆ ಅವನೇ ಒಂದು ದಿನ ಸುಣ್ಣ ಬಳಿದಿದ್ದ.

ಮಾಲೀಕರಿಗೆ ವಯಸ್ಸಾಗಿ ಅಳಿಯ ವಿಘ್ನೇಶ ಬಂದ. ಗಾಜಿನ ಕೋಣೆ ಮಾಡಿಸಿಕೊಂಡ. ಮೊದಲ ವಾರವೇ ನನ್ನತ್ತ ಬೆರಳು ತೋರಿಸಿದ.

"ದೇಜಪ್ಪಣ್ಣ, ಇಷ್ಟು ಜನ ಪುಕ್ಕಟೆ ಇಂಟರ್ನೆಟ್ ಕುಡೀತಾರೆ. ನಮಗೆ ಎಂತ ಸಿಕ್ಕಿತು?"

"ಮಲಗ್ಲಿಕ್ಕೆ ಬಂದವರಿಗೆ ನೀರು ಕೊಡುದಿಲ್ವಾ ಸಾರ್? ಹಾಗೇ ಇದು."

"ಗಿರಾಕಿ ಹೋದ ಮೇಲೂ ನಮ್ಮ ಕೈಯಲ್ಲಿ ಇರ್ಬೇಕು ಮಾರಾಯ್ರೆ. ಇನ್ನು ಹೆಸರು, ನಂಬರು, ಹುಟ್ಟಿದ ತಾರೀಖು ಕೊಟ್ರೆ ಮಾತ್ರ ವೈಫೈ. ಬರ್ತ್‌ಡೇ ದಿನ ವಿಶ್ ಹೋಗ್ತದೆ, ಡಿಸ್ಕೌಂಟ್ ಹೋಗ್ತದೆ, ಮತ್ತೆ ಬನ್ನಿ ಅಂತ ಹೋಗ್ತದೆ."

"ಇಲ್ಲಿಗೆ ಯಾರು ಖುಷಿಯಲ್ಲಿ ಬರುದು ಸಾರ್? ಆಸ್ಪತ್ರೆ ಎದುರು ಕೂತು ಮತ್ತೆ ಬನ್ನಿ ಹೇಳುದಾ? ಅಷ್ಟೆಲ್ಲ ಹೆಸರು ಈ ಡಬ್ಬಿ ಇಟ್ಕೊಂಡು ಎಂತ ಮಾಡ್ತದೆ?"

ವಿಘ್ನೇಶ ನಕ್ಕ. "ಅದು ಬರೀ ಡಬ್ಬಿ ದೇಜಪ್ಪಣ್ಣ. ಹೆಸರುಗಳೆಲ್ಲ ಕಂಪೆನಿಯವರ ಕಂಪ್ಯೂಟರಿನಲ್ಲಿ ಇರ್ತದೆ. ಪಟ್ಟಿ ನಿಮ್ಮ ಕೌಂಟರಿನಲ್ಲೂ ಕಾಣ್ತದೆ."

ರಟ್ಟು ಕಿತ್ತುಹೋಯಿತು. ಬಾಗಿಲಾಗಿದ್ದ ನನ್ನನ್ನು ಸುಂಕದ ಕಟ್ಟೆ ಮಾಡಿದರು. ಐಸಿಯುವಿನಿಂದ ಓಡಿಬಂದು ಊರಿಗೆ ಫೋನು ಮಾಡಹೊರಟವನನ್ನು ತಡೆದು 'ನಿಮ್ಮ ಜನ್ಮದಿನ?' ಎಂದು ಕೇಳುವವನು ನಾನಾದೆ. ಆ ಸಿಟ್ಟು ಇನ್ನೂ ಆರಿಲ್ಲ.

ಮಳೆಗಾಲದ ಶುರುವಿಗೆ ಹಾನಗಲ್ಲಿನ ಫಕ್ಕೀರಪ್ಪ ಬಂದ. ಗೇಟು ವೆಲ್ಡಿಂಗ್ ಮಾಡುವವನು. ಜೊತೆಗೆ ಹತ್ತು ವರ್ಷದ ಮಗಳು ಭಾಗ್ಯಶ್ರೀ, ಕೂದಲುದುರಿದ ತಲೆಗೆ ಹಳದಿ ಟೊಪ್ಪಿಗೆ. ಒಂದು ಚಿಕಿತ್ಸೆಗೂ ಇನ್ನೊಂದಕ್ಕೂ ನಡುವೆ ಅವರು ಕೆಳಗಿನ ಮೂರನೆಯ ಕೋಣೆಯಲ್ಲಿರುತ್ತಿದ್ದರು. ಹುಡುಗಿಗೆ ಕಾರ್ಟೂನ್ ಬೇಕಿತ್ತು.

ಫಾರಂ ತುಂಬಿಸಲು ದೇಜಪ್ಪನೇ ಫಕ್ಕೀರಪ್ಪನ ಫೋನು ಹಿಡಿದ. "ಹುಟ್ಟಿದ ತಾರೀಖು ಹೇಳಿ."

"ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರದಾರ್ರೀ. ಖರೇ ಯಾವುದೋ ನಮ್ಮವ್ವಗೂ ಗೊತ್ತಿಲ್ಲ. ಸುಳ್ಳು ತಾರೀಖು ಬರಸೂದು ಹೆಂಗ?"

"ನಂದು ಬರೀರಿ ಅಜ್ಜಾ. ಹೆಸರೂ ನಂದ ಬರೀರಿ. ನೋಡಾಕಿ ನಾನ ಅಲ್ಲೇನು? ಮಾರ್ಚ್ ಹನ್ನೊಂದು," ಎಂದಳು ಹುಡುಗಿ.

ದೇಜಪ್ಪ ಹಾಗೆಯೇ ಒತ್ತಿದ.

ಅವಳು ನನ್ನ ಕೆಳಗಿನ ಬೆಂಚಿನಲ್ಲೇ ಕೂರುತ್ತಿದ್ದಳು. ಕಾರ್ಟೂನ್ ನಿಂತಾಗಲೆಲ್ಲ ತಲೆಯೆತ್ತಿ ನನ್ನನ್ನು ಬೈಯುತ್ತಿದ್ದಳು. "ಅಜ್ಜಾ, ನಿಮ್ಮ ವೈಫೈ ನಮ್ಮೂರ ಬಸ್ಸಿದ್ದಂಗ ಐತಿ. ಕೈ ಮಾಡಿದಲ್ಲೆಲ್ಲ ನಿಲ್ಲತೈತಿ." ದೇಜಪ್ಪ ಕನ್ನಡಕ ತೆಗೆದು ನಗುತ್ತಿದ್ದ. ನಾನು ನನ್ನ ಶಕ್ತಿಯನ್ನೆಲ್ಲ ಆ ಬೆಂಚಿನ ಕಡೆಗೇ ಹರಿಸಲು ಹೆಣಗುತ್ತಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ ಫಕ್ಕೀರಪ್ಪ ಒಬ್ಬನೇ ಬಂದು ಕೀಲಿಕೈ ಕೊಟ್ಟ. ಅವನ ಕೈಯಲ್ಲಿ ಹಳದಿ ಟೊಪ್ಪಿಗೆಯಿತ್ತು. ದೇಜಪ್ಪ 'ಹುಷಾರಾಗಿ ಹೋಗಿ' ಎಂದೂ ಹೇಳಲಿಲ್ಲ. ಆಂಬುಲೆನ್ಸಿನವರೆಗೆ ನಡೆದು ಹೋಗಿ ಹಿಂತಿರುಗಿದ.

ಮುಂದಿನ ಮಾರ್ಚ್ ಹನ್ನೆರಡು. ಫಕ್ಕೀರಪ್ಪ ಬಸ್ಸಿಳಿದು ನೇರ ಲಾಡ್ಜಿಗೆ ಬಂದ. ಫೋನನ್ನು ಕೌಂಟರಿನ ಮೇಲಿಟ್ಟ.

"ಯಾರ್ರೀ ಇದನ್ನ ಕಳಿಸಿದವರು?"

ಹಿಂದಿನ ದಿನದ ಸಂದೇಶ. 'ಪ್ರಿಯ ಭಾಗ್ಯಶ್ರೀ, ಹುಟ್ಟುಹಬ್ಬದ ಶುಭಾಶಯಗಳು! ನಿಮ್ಮನ್ನು ನೋಡದೆ ಬಹಳ ದಿನವಾಯಿತು. ಮತ್ತೆ ಬನ್ನಿ, ವಿಶೇಷ ರಿಯಾಯಿತಿ ನಿಮಗಾಗಿ ಕಾದಿದೆ.'

"ನನ್ನ ಹೇಂತಿ ಓದಿ ಬಿದ್ದಾಳ್ರೀ. ನಿನ್ನಿಂದ ನೀರು ಮುಟ್ಟಿಲ್ಲ. ಬರೂ ವರ್ಷಾನೂ ಬರತೈತೇನು ಇದು? ಮಗಳ ಹೆಸರು ಯಾರ ಕೈಯಾಗೂ ಇರಬಾರದು. ಅದನ್ನ ಇಸ್ಕೊಂಡು ಹೋಗಾಕ ಬಂದೇನಿ."

ವಿಘ್ನೇಶ ಗಾಜಿನ ಬಾಗಿಲು ತೆರೆದ. "ಸಾರಿ ಸರ್, ಅದೆಲ್ಲ ಆಟೋಮ್ಯಾಟಿಕ್. ಸ್ಟಾಪ್ ಅಂತ ಟೈಪ್ ಮಾಡಿ ಕಳಿಸಿದ್ರೆ ನಿಲ್ತದೆ."

"ನಾ ಯಾಕ ಕಳಿಸ್ಲಿ? ಕರದವರು ನೀವು."

ವಿಘ್ನೇಶ ಗಡಿಯಾರ ನೋಡಿಕೊಂಡ. ಆ ಗಡಿಯಾರದ ಮೇಲೆ ಸಿಡಿಲು ಬೀಳಲಿ ಎಂದುಕೊಂಡೆ.

ದೇಜಪ್ಪ ಕೌಂಟರಿನ ಕಂಪ್ಯೂಟರಿನ ಮುಂದೆ ಕೂತ. ಪಟ್ಟಿ ತೆರೆದ. ಒಂದೊಂದೇ ಬೆರಳಿನಲ್ಲಿ ಅವಳ ಹೆಸರು ಹುಡುಕಿದ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಡಿಲೀಟ್ ಒತ್ತಿದ. ಆ ಆಜ್ಞೆ ನನ್ನ ಮೂಲಕವೇ ಹಾದುಹೋಯಿತು. ನನ್ನ ಮೂಲಕ ಹೋದ ಕೊನೆಯ ಮಾತು ಅದು.

"ಏನ್ ಮಾಡಿದ್ರೀ?" ಎಂದ ಫಕ್ಕೀರಪ್ಪ. "ನನ್ನ ಮಗಳ ಹೆಸರು ಏನ್ ಮಾಡಿದ್ರಿ?"

ದೇಜಪ್ಪ ಬಾಯಿ ತೆರೆದ. ಎದುರಿಗಿದ್ದವನ ಮುಖ ನೋಡಿ ಮುಚ್ಚಿದ. ಸ್ಟೂಲು ಹತ್ತಿ ನನ್ನನ್ನು ಮೊಳೆಯಿಂದ ಕಿತ್ತ. ವಯರು ಹರಿಯಿತು. ಐದೂ ದೀಪ ಆರಿದವು.

"ಏ ದೇಜಪ್ಪಣ್ಣ! ನಿಮಗೆ ತಲೆ ಸರಿ ಉಂಟಾ?"

"ಬರೀ ಡಬ್ಬಿ ಅಲ್ವಾ ಸಾರ್? ನೀವೇ ಹೇಳಿದ್ದು."

ನನ್ನ ಮೈಯ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಫಕ್ಕೀರಪ್ಪನಿಗೆ ಕೊಟ್ಟ. "ಹೆಸರು ಇದರೊಳಗೆ ಉಂಟು. ತಗೊಂಡು ಹೋಗಿ. ಇನ್ನು ಯಾರೂ ಕರೆಯುದಿಲ್ಲ."

ಫಕ್ಕೀರಪ್ಪ ನನ್ನನ್ನು ಟವೆಲಿನಲ್ಲಿ ಸುತ್ತಿದ. ಘಟ್ಟ ಹತ್ತುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ.

ಈಗ ನಾನು ಹಾನಗಲ್ಲಿನಲ್ಲಿ, ಅವನ ವೆಲ್ಡಿಂಗ್ ಶೆಡ್ಡಿನ ಗೂಡಿನಲ್ಲಿದ್ದೇನೆ. ಪಕ್ಕದಲ್ಲಿ ಹಳದಿ ಟೊಪ್ಪಿಗೆ. ಕಿಡಿ ಹಾರಿ ನನ್ನ ಬಿಳಿ ಮೈ ತುಂಬ ಕಪ್ಪು ಚುಕ್ಕಿ. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಆ ಪಟ್ಟಿಯಲ್ಲಿ ಇನ್ನೂ ಸಾವಿರಾರು ಹೆಸರುಗಳಿವೆ. ನನ್ನ ಮೊಳೆಗೆ ಇನ್ನೊಬ್ಬ ಬಂದಿರುತ್ತಾನೆ, ಅವನೂ ಜನ್ಮದಿನ ಕೇಳುತ್ತಿರುತ್ತಾನೆ. ದೇಜಪ್ಪನನ್ನು ಕೆಲಸದಲ್ಲಿ ಇಟ್ಟುಕೊಂಡರೋ ಬಿಡಿಸಿದರೋ, ನನಗೆ ತಿಳಿಯುವ ದಾರಿಯಿಲ್ಲ.

ಮೊನ್ನೆ ಮತ್ತೆ ಮಾರ್ಚ್ ಹನ್ನೊಂದು ಬಂತು. ಫಕ್ಕೀರಪ್ಪ ಕೆಲಸ ನಿಲ್ಲಿಸಿ, ಫೋನನ್ನು ನನ್ನ ಮುಂದಿಟ್ಟು ದಿನವಿಡೀ ಕೂತಿದ್ದ. ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಸಂದೇಶ ಬರಲಿಲ್ಲ. ಸಂಜೆ ಅವನು ನನ್ನ ಮೇಲೆ ಅಂಗೈ ಇಟ್ಟು, "ಇಲ್ಲೇ ಇರವ್ವಾ," ಎಂದ.

ಅವಳ ಹೆಸರನ್ನು ಅಳಿಸಿದ್ದೇನೆ ಎಂದು ದೇಜಪ್ಪ ಅವನಿಗೆ ಹೇಳಲೇ ಇಲ್ಲ.