ನಿಲ್ಲದ ಬಿಳಿ ಹೊಗೆ

ತಮಿಳುನಾಡಿನ ಸಿರುಮುಗೈ ಪಕ್ಕದ ಹಿನ್ನೀರಿನಲ್ಲಿ ವೆಲ್ಲಿಂಗಿರಿ ದೋಣಿ ನಡೆಸುತ್ತಿದ್ದ. ಆಚೆ ದಡದ ಅವನ ಊರಿಗೆ ರಸ್ತೆಯಿಲ್ಲ. ನೇಕಾರರ ನೂಲಿನ ಮೂಟೆ, ಬಾಳೆಗೊನೆ, ಬಸುರಿ, ರೋಗಿ, ಎಲ್ಲ ಅವನ ದೋಣಿಯಲ್ಲೇ ದಾಟಬೇಕು. ಎಂಬತ್ನಾಲ್ಕನೇ ಇಸವಿಯಲ್ಲಿ ದೋಣಿಗೆ ಡೀಸೆಲ್ ಎಂಜಿನ್ ಕೂರಿಸಿದ್ದ.

ಎರಡು ವರ್ಷ ಚೆನ್ನಾಗಿ ಓಡಿತು. ಆಮೇಲೆ ಒಂದು ಮಾರ್ಗಳಿ ತಿಂಗಳ ಚಳಿಯಲ್ಲಿ ಬಿಳಿ ಹೊಗೆ ಬರತೊಡಗಿತು. ಮೊದಲು ಗಮನಿಸಿದವಳು ಹೆಂಡತಿ ಕಣ್ಣಮ್ಮ. ಗಂಡನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು.

“ಮಾವ, ನಡು ನೀರಿಗೆ ಹೋದ್ಮೇಲೂ ಹೊಗೆ ನಿಲ್ತಿಲ್ವಲ್ಲ?”

“ಚಳಿಗೆ ಕಣೆ. ಬಿಸಿಲು ಬಂದ್ರೆ ಹೋಗ್ತದೆ.”

ಆ ವಾರ ಕಣ್ಣಮ್ಮನ ತಮ್ಮ ನಟರಾಜನ್ ಬಂದಿದ್ದ. ತೊಂಡಾಮುತ್ತೂರಿನಲ್ಲಿ ಬಾವಿ ಪಂಪುಗಳ ಎಂಜಿನ್ ರಿಪೇರಿ ಮಾಡುವವನು. ಹೊಗೆಗೆ ಅಂಗೈ ಒಡ್ಡಿದ. ಕೈ ಒದ್ದೆಯಾಯಿತು.

“ಭಾವ, ಎಂಜಿನ್ ತಣಿಸೋ ತೊಟ್ಟೀಲಿ ನೀರು ಕಮ್ಮಿ ಆಗ್ತಾ ಇದೆಯಾ?”

“ಹೂಂ. ದಿನಾ ಎರಡು ಚೊಂಬು ಹಾಕ್ತೀನಿ.”

“ಹಂಗಾದ್ರೆ ಇದು ಚಳಿ ಹೊಗೆ ಅಲ್ಲ. ಆ ನೀರು ಸಿಲಿಂಡರೊಳಗೆ ಇಳೀತಾ ಇದೆ. ನೀರು ತಡೆಯೋ ಗ್ಯಾಸ್ಕೆಟ್ ಹೋಗಿರ್ಬೇಕು. ಅರ್ಧ ದಿನ ಕೊಡು, ಬಿಚ್ಚಿ ನೋಡ್ತೀನಿ.”

“ಅರ್ಧ ದಿನ ದೋಣಿ ನಿಂತ್ರೆ ಊರು ಹೆಂಗೆ ದಾಟ್ತದೆ? ಓಡ್ತಾ ಇದೆಯಲ್ಲಪ್ಪಾ. ಪೊಂಗಲ್ ಕಳೀಲಿ.”

ನಟರಾಜನ್ ಊರಿಗೆ ಮರಳಿದ. ನಾಲ್ಕನೇ ದಿನ ಬೆಳಿಗ್ಗೆ, ಬಾಳೆತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಕಣ್ಣಮ್ಮನ ಕಾಲಿಗೆ ನಾಗರಹಾವು ಕಚ್ಚಿತು.

ಸಿರುಮುಗೈ ಆಸ್ಪತ್ರೆಗೆ ಒಯ್ಯಲು ವೆಲ್ಲಿಂಗಿರಿ ಅವಳನ್ನು ಎತ್ತಿ ತಂದು ದೋಣಿಯಲ್ಲಿ ಮಲಗಿಸಿದ. ಎಂಜಿನ್ ಮೂರನೇ ಸಲಕ್ಕೆ ಚಾಲೂ ಆಯಿತು. ನಡು ನೀರಿನಲ್ಲಿ ದಟ್ಟ ಬಿಳಿ ಹೊಗೆ ಕಾರಿ ನಿಂತುಬಿಟ್ಟಿತು. ಹ್ಯಾಂಡಲ್ ಹಿಡಿದು ಜಗ್ಗಿದ. ಅಲುಗಲಿಲ್ಲ. ಎಂಜಿನ್ ಬಂದ ಮೇಲೆ ಅವನು ಹುಟ್ಟುಗಳನ್ನು ತರುವುದನ್ನೇ ಬಿಟ್ಟಿದ್ದ. ಕೂರುವ ಹಲಗೆಯನ್ನು ಕಿತ್ತು ಅದರಲ್ಲೇ ನೀರು ತಳ್ಳಿದ.

“ಮಾವ, ಕಣ್ಣು ತೆರೆಯಕ್ಕೇ ಆಗ್ತಿಲ್ಲ” ಎಂದಳು ಕಣ್ಣಮ್ಮ. ಆಮೇಲೆ ಮಾತಾಡಲಿಲ್ಲ.

ದಡ ಮುಟ್ಟುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ತಿಥಿ ಮುಗಿದ ಮೇಲೆ ನಟರಾಜನ್ ಎಂಜಿನ್ ಬಿಚ್ಚಿದ. ಸಿಲಿಂಡರಿನಲ್ಲಿ ನೀರು ನಿಂತಿತ್ತು. ಸುಟ್ಟ ಗ್ಯಾಸ್ಕೆಟನ್ನು ಭಾವನ ಮುಂದಿಟ್ಟ.

“ಅವ್ಳೂ ಹೇಳಿದ್ಲು, ನೀನೂ ಹೇಳ್ದೆ” ಎಂದ ವೆಲ್ಲಿಂಗಿರಿ. ನಟರಾಜನ್ ಹೊಸ ಗ್ಯಾಸ್ಕೆಟ್ ಕೂರಿಸಿ ಕೈ ತೊಳೆದುಕೊಂಡ.

ಈಗ ಹೊಗೆ ತಿಳಿಯಾಗುವವರೆಗೆ ವೆಲ್ಲಿಂಗಿರಿ ಯಾರನ್ನೂ ದೋಣಿ ಹತ್ತಿಸುವುದಿಲ್ಲ. ಅವಸರದವರು ಬೈಯುತ್ತಾರೆ. ಅವನು ಹೊಗೆಯನ್ನೇ ನೋಡುತ್ತ ನಿಲ್ಲುತ್ತಾನೆ. ಮನೆಗೆ ಹೋದರೆ ಅಲ್ಲಿ ಮಾತಾಡಲು ಯಾರೂ ಇಲ್ಲ.

ದೋಣಿ ನಡೆಸುವ ಅಣ್ಣಂದಿರೇ, ಪಂಪ್ ಓಡಿಸುವ ರೈತರೇ, ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಹೆದರಬೇಡಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ತೊಟ್ಟಿಯ ನೀರೂ ಇಳಿಯುತ್ತಿದ್ದರೆ, ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ದೋಣಿಯಲ್ಲಿ ಹುಟ್ಟುಗಳು ಸದಾ ಇರಲಿ. ನಾಳೆ ಬೆಳಿಗ್ಗೆ ಮೊದಲ ಮನುಷ್ಯ ದೋಣಿಗೆ ಕಾಲಿಡುವ ಮುಂಚೆ, ನೀವು ಹೊಗೆ ನೋಡಿ.